ಸಂಜೆಯ ತನಕ ಕಾದ ರಾಕ್ಷಸ

ಹೋದ ತಿಂಗಳು ಮಗಳ ಶಾಲೆಯ ಗ್ಯಾದರಿಂಗಿಗೆ ಹೋಗಿದ್ದೆ. ಪರದೆಯ ಹಿಂದೆ ಮಕ್ಕಳನ್ನು ಸಾಲಾಗಿ ಕೂರಿಸಿ ಒಬ್ಬ ಮುದುಕ ಮೋರೆಗೆ ಬಣ್ಣ ಬಳಿಯುತ್ತಿದ್ದ. ಮಗಳ ಜಡೆ ಸರಿ ಮಾಡಲು ಒಳಗೆ ಕಾಲಿಟ್ಟವನಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರದಾಳದ ವಾಸನೆ ಗಪ್ಪನೆ ಬಡಿಯಿತು. ಬಯಲಾಟದವರು ಮೋರೆಗೆ ಹಚ್ಚುವ ಹಳದಿ ಬಣ್ಣವದು. ಈಗ ಎಲ್ಲ ಕಡೆ ಟ್ಯೂಬಿನ ಬಣ್ಣ ಬಂದಿದೆ. ಈ ಮುದುಕ ಮಾತ್ರ ಹಳೆಯದನ್ನು ಬಿಟ್ಟಿರಲಿಲ್ಲ. ಆಮೇಲೆ ನಾನು ಕೂತದ್ದು ಶಾಲೆಯ ಅಂಗಳದಲ್ಲಾದರೂ ಮನಸ್ಸು ಮಾತ್ರ ಕಲಘಟಗಿ ಕಡೆಯ ತಂಬೂರಿನಾಚೆಯ ಒಂದು ಹಳ್ಳಿಗೆ ಹೋಗಿಬಿಟ್ಟಿತ್ತು. ಮಗಳ ಹಾಡು ಯಾವಾಗ ಬಂತು, ಯಾವಾಗ ಮುಗಿಯಿತು ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಅದಕ್ಕಾಗಿ ಸರಿಯಾಗಿ ಬೈಸಿಕೊಂಡೆ.

ನಾನೀಗ ಡಿಪೋದಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸದವನು. ಅದಕ್ಕೂ ಮೊದಲು ಕಂಡಕ್ಟರ್. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷ ನನ್ನನ್ನು ಆ ಹಳ್ಳಿಯ ವಸ್ತಿ ಬಸ್ಸಿಗೆ ಹಾಕಿದರು. ಸಂಜೆ ಹುಬ್ಬಳ್ಳಿಯಿಂದ ಹೊರಟು, ಕಲಘಟಗಿ, ತಂಬೂರ ದಾಟಿ ಊರು ಮುಟ್ಟುವುದು, ಅಲ್ಲೇ ಬಸ್ಸಿನಲ್ಲಿ ಮಲಗುವುದು, ಮುಂಜಾನೆ ಅದೇ ಬಸ್ಸನ್ನು ತಿರುಗಿಸಿಕೊಂಡು ಹುಬ್ಬಳ್ಳಿಗೆ ಬರುವುದು. ಸೋಮವಾರ ಮತ್ತು ಗುರುವಾರದ ವಸ್ತಿ ನಮ್ಮ ಪಾಳಿ. ನಮ್ಮದು ಎಂದರೆ ನನ್ನದು ಮತ್ತು ಡ್ರೈವರ್ ಮಾಬೂಸಾಬರದು. ಮಾಬೂಸಾಬರಿಗೆ ಎರಡೇ ಚಟ, ಎಲೆ ಅಡಿಕೆ ಮತ್ತು ವೇಳೆ. ಮುಂಜಾನೆ ಆರಕ್ಕೆ ಬಸ್ಸು ಎಂದರೆ ಆರಕ್ಕೆ. ಸಾಕ್ಷಾತ್ ದೇವರೇ ಓಡಿ ಬಂದು ಕೈ ಮಾಡಿದರೂ ಕನ್ನಡಿಯಲ್ಲಿ ನೋಡಿ ಮುಂದೆ ಹೋಗುವ ಪೈಕಿ.

ನನ್ನ ಅಪ್ಪ ಕುಂದಗೋಳದ ಕಡೆಯವನು, ಬಯಲಾಟದ ಹುಚ್ಚ. ಆಟ ಎಲ್ಲಿದೆ ಎಂದು ಗೊತ್ತಾದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದುಬಿಡುತ್ತಿದ್ದ. ಹಾಗಾಗಿ ವೀರರ ಕತೆಗಳು ನನಗೆ ಹಾಲಿನ ಜೊತೆಗೇ ಇಳಿದಿದ್ದವು. ಆದರೆ ಬಸ್ಸಿನ ಕೆಲಸಕ್ಕೆ ಸೇರಿದ ಮೇಲೆ ಒಳಗೊಳಗೇ ಒಂದು ತಕರಾರು ಶುರುವಾಗಿತ್ತು. ಕತೆಯ ನಾಯಕ ಊರು ಬಿಟ್ಟು ಹೋಗಿ ತಿರುಗಿ ಬರುತ್ತಾನೆ. ನಾನೂ ಅದನ್ನೇ ಮಾಡುತ್ತೇನೆ. ಅವನಿಗೆ ಆರತಿ ಎತ್ತುತ್ತಾರೆ, ನನಗೆ ಚಿಲ್ಲರೆಗಾಗಿ ಜಗಳ. ಇದನ್ನು ಮಾಬೂಸಾಬರಿಗೆ ಹೇಳಿದರೆ ಅವರು ಎಲೆ ಉಗುಳಿ, "ಅಂವ ಒಮ್ಮಿ ಹೋಗಿ ಒಮ್ಮಿ ಬರ್ತಾನ. ನೀ ನಾಳಿಗೂ ಹೋಗ್ಬೇಕಲ್ಲ, ಮಕ್ಕೋ ಇನ್ನ" ಎನ್ನುತ್ತಿದ್ದರು.

ಮಂಗಳವಾರ, ಶುಕ್ರವಾರ ಮುಂಜಾನೆ ನಮ್ಮ ಬಸ್ಸಿಗೆ ತಪ್ಪದೆ ಹತ್ತುತ್ತಿದ್ದವರು ಫಕ್ಕೀರಪ್ಪ ಮತ್ತು ಅವನ ಹೆಂಡತಿ ಶಾಂತವ್ವ. ಶಾಂತವ್ವನ ಕಿಡ್ನಿ ಎರಡೂ ಕೆಲಸ ಬಿಟ್ಟಿದ್ದವು. ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಶೀನಿಗೆ ಹಚ್ಚಿ ರಕ್ತ ಸೋಸಬೇಕು. ಮಶೀನಿನ ಸರತಿ ಒಂಬತ್ತಕ್ಕೆ. ಅದು ತಪ್ಪಿದರೆ ಅವತ್ತಿನ ದಿನ ತಪ್ಪಿದಂತೆ. ನಮ್ಮ ಬಸ್ಸು ಬಿಟ್ಟರೆ ಮುಂದಿನದು ಬರುವುದು ಹತ್ತು ಹೊಡೆದ ಮೇಲೆ. ಬೈಕಿನ ಮೇಲೆ ಕೂತರೆ ಆಕೆಗೆ ತಲೆ ತಿರುಗುತ್ತಿತ್ತು. ಸೂಜಿ ಚುಚ್ಚುವ ಎಡಗೈಯಿಂದ ಏನನ್ನೂ ಎತ್ತುವಂತಿರಲಿಲ್ಲ. ಬಲಗೈಯಲ್ಲಿ ಬುತ್ತಿಯ ಚೀಲ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಫಕ್ಕೀರಪ್ಪ ಹಿಂದಿನಿಂದ ಬೆನ್ನಿಗೆ ಕೈ ಕೊಡುತ್ತಿದ್ದ. "ಕಂಡಕ್ಟರ ಅಣ್ಣಾರ, ನಂದು ಪುಕ್ಕಟಿ ತಿಕೀಟ, ಇವರಿಗೆ ಡಬಲ್ ಹಚ್ಚಿಬಿಡ್ರಿ" ಎಂದು ಪ್ರತಿ ಸಲವೂ ಅದೇ ಮಾತು ಆಡುತ್ತಿದ್ದಳು. ಪ್ರತಿ ಸಲವೂ ನಾನು ನಗುತ್ತಿದ್ದೆ.

ಶ್ರಾವಣದಲ್ಲಿ ಒಂದು ಶುಕ್ರವಾರ ಹಳ್ಳ ತುಂಬಿ ರಸ್ತೆಯ ಮೇಲೆ ಬಂತು. ಮಾಬೂಸಾಬರು ನೀರಿನ ತನಕ ಬಸ್ಸನ್ನು ಒಯ್ದು, ಇಳಿದು ನೋಡಿ, ತಿರುಗಿ ಹತ್ತಿ ಎಂಜಿನ್ ಬಂದ್ ಮಾಡಿದರು. ನೀರು ಇಳಿದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಶಾಂತವ್ವನ ಮೋರೆ ಊದಿ ಕಣ್ಣು ಮುಚ್ಚಿಹೋಗಿದ್ದವು, ಉಸಿರು ಸಿಗದೆ ಗೋಡೆಗೆ ಆತು ಕೂತಿದ್ದಳಂತೆ. ಟ್ರ್ಯಾಕ್ಟರಿನಲ್ಲಿ ಕಲಘಟಗಿಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಬದುಕಿಕೊಂಡಳು. ಇನ್ನೊಮ್ಮೆ ತಪ್ಪಿದರೆ ನಮ್ಮ ಕೈಯಲ್ಲಿ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಅದು ಊರಿಗೆಲ್ಲ ಗೊತ್ತಾಯಿತು. ಅವತ್ತಿನಿಂದ ಮಂಗಳವಾರ, ಶುಕ್ರವಾರದ ಮೊದಲ ಬಸ್ಸು ಊರಿನವರ ಬಾಯಲ್ಲಿ ಶಾಂತವ್ವನ ಬಸ್ಸು ಆಯಿತು.

ಮಳೆ ಹಿಂದಾಗಿ, ಗೋವಿನಜೋಳದ ತೆನೆ ಮುರಿದು, ಭತ್ತ ಮನೆ ಸೇರಿದ ಮೇಲೆ ಊರಲ್ಲಿ ಬಯಲಾಟದ ತಾಲೀಮು ಶುರುವಾಯಿತು. ಬನದ ಹುಣ್ಣಿಮೆಯ ಸುಮಾರಿಗೆ ಆಟ ಎಂದು ಗೊತ್ತಾಗಿತ್ತು. ಆಟ ಕಲಿಸುವ ಮಾಸ್ತರು ಬೇರೆ ಊರಿನವರು. ಅವರ ಅಜ್ಜನೇ ಕಟ್ಟಿದ ಆಟವಂತೆ: ಧೀರಸೇನನೆಂಬ ರಾಜಕುಮಾರ ಮನೆ ಬಿಟ್ಟು ಹೊರಟು, ಏಳು ಗುಡ್ಡ ದಾಟಿ, ಘೋರಮುಖನೆಂಬ ರಾಕ್ಷಸನನ್ನು ಕೊಂದು ತಿರುಗಿ ಬರುವ ಕತೆ. ಧೀರಸೇನನ ಪಾತ್ರ ಹಿಂದಿನಿಂದಲೂ ಫಕ್ಕೀರಪ್ಪನದು. ಎತ್ತರದ ಆಳು, ಎದೆ ತುಂಬಿದ ದನಿ. ಈ ವರ್ಷ ಒಲ್ಲೆ ಎಂದನಂತೆ. ಶಾಂತವ್ವನೇ ಪಟ್ಟು ಹಿಡಿದಳು: "ನನ್ನ ಸಲುವಾಗಿ ನೀವು ಆಟಾ ಬಿಟ್ರ ನಾನೂ ಬಸ್ಸ ಹತ್ತಂಗಿಲ್ಲ." ಮರುದಿನವೇ ಅವನು ತಾಲೀಮಿಗೆ ಬಂದ.

ವಸ್ತಿಯ ಸಂಜೆಗಳಲ್ಲಿ ನಾನು ಟಿಕೆಟ್ ಮಶೀನನ್ನು ಮಾಬೂಸಾಬರ ತಲೆದಿಂಬಿನ ಹತ್ತಿರ ಇಟ್ಟು ತಾಲೀಮು ನೋಡಲು ಹೋಗುತ್ತಿದ್ದೆ. ಮಾಸ್ತರು ಬೆತ್ತ ಬಡಿದು ಹೇಳುತ್ತಿದ್ದರು: "ನಾಯಕ ಅಂದ್ರೇನೋ? ಮನಿ ಬಿಡಬೇಕು, ಗಡಿ ದಾಟಬೇಕು, ವೈರೀನ ಕೆಡವಬೇಕು, ತಿರುಗಿ ಬರಬೇಕು. ಹೊಸ್ತಲಾ ದಾಟಿದ ಮ್ಯಾಲ ಹಿಂದ ನೋಡಬಾರದು!" ಫಕ್ಕೀರಪ್ಪನ ತೊಂದರೆ ಇದ್ದದ್ದು ಅಲ್ಲಿಯೇ. ಹೆಂಡತಿಯ ಪಾತ್ರಧಾರಿ ಅಳುತ್ತ ನಿಂತಿರುವಾಗ ಧೀರಸೇನ ಕತ್ತಿ ಎತ್ತಿ ಮೂರು ಹೆಜ್ಜೆ ಹಾಕಿ ಹೋಗಿಬಿಡಬೇಕು. ಫಕ್ಕೀರಪ್ಪ ಎರಡನೆಯ ಹೆಜ್ಜೆಗೇ ಹೊರಳಿ, ಅರಿವಿಲ್ಲದೆ ಕೈಯನ್ನು ಹಿಂದಕ್ಕೆ ಚಾಚುತ್ತಿದ್ದ. ಬಸ್ಸಿನ ಮೆಟ್ಟಿಲ ಹತ್ತಿರ ಚಾಚಿ ಚಾಚಿ ರೂಢಿಯಾದ ಕೈ ಅದು. "ಹಿಂದ ಯಾಕ ನೋಡ್ತೀಯೋ? ಏನ ಮರತ ಬಂದೀ?" ಎಂದು ಮಾಸ್ತರು ಕೂಗಿದರೆ ಎಲ್ಲರೂ ನಗುತ್ತಿದ್ದರು. ಕಟ್ಟೆಯ ತುದಿಗೆ ಕೂತ ಶಾಂತವ್ವ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ತಾಲೀಮು ಮುಗಿಯುವ ದಿನಗಳು ಬಂದರೂ ಆ ಕೈ ಮಾತ್ರ ಮಾಸ್ತರ ಮಾತು ಕೇಳಲಿಲ್ಲ.

ಘೋರಮುಖ ಆಗಿದ್ದವನು ನಿಂಗಪ್ಪ. ಮೂರು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ, ಇರುವೆಗೂ ದಾರಿ ಬಿಡುವಂಥ ಸಾಧು ಮನುಷ್ಯ. ಕೋರೆಹಲ್ಲು ಕಟ್ಟಿದರೆ ಮಾತ್ರ ಮಕ್ಕಳು ಚೀರಬೇಕು, ಅಂಥ ಆರ್ಭಟ.

ಆಟವನ್ನು ಮೊದಲು ಶನಿವಾರಕ್ಕೆ ಇಟ್ಟಿದ್ದರು. ಆ ವಾರವೇ ಊರಲ್ಲಿ ಹಿರಿಯರೊಬ್ಬರು ತೀರಿಹೋಗಿ ಆಟ ಮುಂದೆ ಹೋಯಿತು. ಸಿಕ್ಕ ದಿನ ಸೋಮವಾರ. ಮಂಗಳವಾರ ಮುಂಜಾನೆ ಶಾಂತವ್ವನ ಬಸ್ಸು. "ಕೋಳಿ ಕೂಗೂದ್ರಾಗ ರಾಕ್ಷಸನ್ನ ಮಲಗಿಸಿಬಿಡ್ತೇನಿ, ಚಿಂತೀ ಬ್ಯಾಡ" ಎಂದು ಮಾಸ್ತರು ಮಾತು ಕೊಟ್ಟರು. ಅವರು ಎಲ್ಲ ಲೆಕ್ಕ ಹಾಕಿದ್ದರು, ಆಯೇರಿಯ ಹೊರತು.

ಆಯೇರಿ ಎಂದರೆ ನಮ್ಮ ಕಡೆ ಆಟದ ನಡುವೆ ಮಂದಿ ಆಟ ಕುಣಿಯುವ ಹಲಗೆಯ ಅಟ್ಟ ಹತ್ತಿ ಪಾತ್ರಧಾರಿಗೆ ಟವೆಲ್ಲೋ ಶಾಲೋ ಹೊದಿಸಿ ಮಾನ ಮಾಡುವುದು. ಕೊಟ್ಟವರ ಹೆಸರು, ಅವರ ಅಪ್ಪನ ಹೆಸರು, ಯಾರ ನೆನಪಿಗೆ ಕೊಟ್ಟರು ಎಂಬುದು ಎಲ್ಲ ಮೈಕಿನಲ್ಲಿ ಹೇಳಬೇಕು. ಹೇಳುವ ತನಕ ಆಟ ನಿಲ್ಲುತ್ತದೆ. ಆ ವರ್ಷ ಫಕ್ಕೀರಪ್ಪನ ಮೇಲೆ ಊರಿಗೆಲ್ಲ ಎಂಥ ಪ್ರೀತಿ ಬಂದಿತ್ತೆಂದರೆ, ಹೆಂಡತಿಯನ್ನು ಹೀಗೆ ನೋಡಿಕೊಳ್ಳುವ ಗಂಡಸಿಗೆ ಒಂದು ಟವೆಲ್ ಹೊದಿಸದವನು ಗಂಡಸೇ ಅಲ್ಲ ಎಂಬಂತಾಗಿತ್ತು. ನಾನು ಅರ್ಧ ಆಟ ನೋಡಿ ಬಸ್ಸಿಗೆ ಬಂದು ಮಲಗಿದೆ. ಮಾಬೂಸಾಬರು ಕಿವಿಗೆ ಅರಳೆ ಇಟ್ಟುಕೊಂಡು ಆಗಲೇ ಗೊರಕೆ ಹೊಡೆಯುತ್ತಿದ್ದರು. ಕೋಳಿ ಕೂಗಿದಾಗ ಎದ್ದು ನೋಡುತ್ತೇನೆ, ಮೈಕಿನಲ್ಲಿ ಇನ್ನೂ ಯಾರದೋ ಅಳಿಯನ ಹೆಸರು ಬರುತ್ತಿದೆ. ಧೀರಸೇನ ಆರನೆಯ ಗುಡ್ಡದ ಮೇಲೆಯೇ ಇದ್ದ.

ಆರು ಹೊಡೆಯುತ್ತ ಬಂತು. ಮಾಬೂಸಾಬರು ಮುಖ ತೊಳೆದು, ಎಂಜಿನ್ ಶುರು ಮಾಡಿ, ಒಂದು ಹಾರ್ನ್ ಹೊಡೆದರು. ಅಟ್ಟದ ಮೇಲೆ ಅದೇ ಆಗ ಧೀರಸೇನನೂ ಘೋರಮುಖನೂ ಎದುರುಬದುರಾಗಿ ಕಾಲು ಕೆದರುತ್ತಿದ್ದರು. ಶಾಂತವ್ವ ಆಗಲೇ ಚೀಲ ಹಿಡಿದು ಬಸ್ಸಿನ ಹತ್ತಿರ ಬಂದಿದ್ದಳು, ಪಕ್ಕದಲ್ಲಿ ಅವಳ ತಮ್ಮ. "ಇವತ್ತ ತಮ್ಮನ ಜೋಡಿ ಹೊಕ್ಕೇನ್ರಿ, ಇವರ್ದು ಆಟಾ ಮುಗೀಲಿ" ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ಮಾತ್ರ ಅಟ್ಟದ ಕಡೆಗೇ ಇತ್ತು. ಮಶೀನಿನ ಕೋಣೆಯ ಬಾಗಿಲಿಗೆ ಗಾಜಿದೆ, ಆಚೆಯ ಬೆಂಚಿನ ಮೇಲೆ ಫಕ್ಕೀರಪ್ಪ ಕೂತಿರುತ್ತಾನೆ, ಅವನು ಕಾಣದಿದ್ದರೆ ಒಳಗೆ ಜೀವ ಹೋದಂಗಾಗುತ್ತದೆ ಎಂದು ಆಕೆಯೇ ಹಿಂದೊಮ್ಮೆ ನನಗೆ ಹೇಳಿದ್ದಳು.

ಎರಡನೆಯ ಹಾರ್ನ್ ಆಯಿತು. ಫಕ್ಕೀರಪ್ಪ ಎತ್ತಿದ ಕತ್ತಿಯನ್ನು ಇಳಿಸಿದ. ತಾಳ ನಿಂತಿತು.

"ಮಾಸ್ತರ, ನಾ ಹೊಂಟೇನ್ರಿ," ಎಂದ.

ಮಾಸ್ತರು ಹೌಹಾರಿದರು. ಆ ಊರಿನ ಕಟ್ಟಳೆ ಹಾಗಿತ್ತು. ಪೂಜೆ ಮಾಡಿ ಕಟ್ಟಿದ ಕಿರೀಟವನ್ನು ಮಂಗಳಾರತಿಯ ತನಕ ತೆಗೆಯುವಂತಿಲ್ಲ. ರಾಕ್ಷಸ ಬೀಳದೆ ಮಂಗಳಾರತಿ ಇಲ್ಲ. ಅರ್ಧಕ್ಕೆ ನಿಂತ ಆಟ ಊರಿಗೆ ಒಳ್ಳೆಯದಲ್ಲ. "ತಲಿ ಕೆಟ್ಟೈತೇನೋ? ಕಿರೀಟಾ ಕಟ್ಟೀ! ಹಾಡಾಕ ಎರಡ ಪದಾ ಉಳದಾವು. ಡ್ರೈವರಗ ಹೇಳ್ರಿ ಯಾರರೆ, ಸ್ವಲ್ಪ ತಡೀಲಿ!"

ಎಲ್ಲರೂ ಮಾಬೂಸಾಬರ ಕಡೆ ತಿರುಗಿದರು. ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ನನಗೆ ಮಾತ್ರ ಕೇಳುವಂತೆ ಹೇಳಿದರು. "ಎರಡ ಪದಾ ಅಂತಾನ. ಆ ಎರಡ ಪದಕ್ಕ ನಾಕು ಟವೆಲ್ ಬರ್ತಾವು. ಮಶೀನ ತಡೀತೈತೇನ?"

ಅಷ್ಟರಲ್ಲಿ ಫಕ್ಕೀರಪ್ಪನೇ ಅಟ್ಟದಿಂದ ಇಳಿದಿದ್ದ. "ಕಿರೀಟಾ ತಗಿಯಂಗಿಲ್ರಿ ಮಾಸ್ತರ. ಹಿಂಗs ಹೊಕ್ಕೇನಿ, ಹಿಂಗs ಬರ್ತೇನಿ. ಸಂಜಿಗೆ ಕೊಂದ್ರಾತು."

"ಮತ್ತ ಇವನ್ನೇನ ಮಾಡ್ಲಿ?" ಎಂದು ಮಾಸ್ತರು ರಾಕ್ಷಸನ ಕಡೆ ಕೈ ಮಾಡಿದರು.

ನಿಂಗಪ್ಪ ಕೋರೆಹಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ನಾ ಎಲ್ಲಿ ಹೊಕ್ಕೇನ್ರಿ ಮಾಸ್ತರ? ಸಂಜೀತನ ಇಲ್ಲೇ ಇರ್ತೇನಿ. ಫಕ್ಕೀರಾ, ನೀ ಹೋಗಿ ಬಾರೋ. ಶಾಂತವ್ವ ವೈನಿಗೆ ಜ್ವಾಕಿ."

ನನ್ನ ಇಷ್ಟು ವರ್ಷದ ಆಟದ ಹುಚ್ಚಿನಲ್ಲಿ ರಾಕ್ಷಸ ನಾಯಕನಿಗೆ ಹೋಗಿ ಬಾ ಎಂದದ್ದನ್ನು ಅವತ್ತೇ ಮೊದಲು ನೋಡಿದ್ದು. ಮಾಸ್ತರು ಬೆತ್ತವನ್ನು ಅಟ್ಟದ ಮೇಲೆ ಒಗೆದು ಕೂತುಬಿಟ್ಟರು.

ಅವತ್ತಿನ ಬಸ್ಸನ್ನು ನಾನು ಮರೆಯುವುದಿಲ್ಲ. ಶಾಂತವ್ವನ ತಮ್ಮ ಊರಲ್ಲೇ ಉಳಿದ. ಕಿರೀಟ ಮೇಲಿನ ಸರಳಿಗೆ ಬಡಿದು ಫಕ್ಕೀರಪ್ಪ ತಲೆ ಬಗ್ಗಿಸಿಕೊಂಡೇ ಬಂದು ಕೂತ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಫೋನು ಹಿಡಿದು ನಕ್ಕರು; ತಂಬೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಸುಮ್ಮನೆ ಕೈ ಮುಗಿದು ಅವನ ಎದುರಿನ ಸೀಟಿನಲ್ಲಿ ಕೂತಳು. ಶಾಂತವ್ವ ದಿನದಂತೆ ಗಂಡನ ಹೆಗಲಿಗೆ ತಲೆ ಇಡಲು ಹೋದಳು, ಭುಜಕೀರ್ತಿ ಕೆನ್ನೆಗೆ ಚುಚ್ಚಿತು. ಕಟ್ಟಳೆ ಇದ್ದದ್ದು ಕಿರೀಟಕ್ಕೆ ಮಾತ್ರ. ಅವನು ಭುಜಕೀರ್ತಿಯ ದಾರ ಬಿಚ್ಚಿ ಬುತ್ತಿಯ ಚೀಲದಲ್ಲಿ ರೊಟ್ಟಿಯ ಮೇಲೆ ಇಟ್ಟ. ಆಕೆ ತಲೆ ಇಟ್ಟು ಕಣ್ಣು ಮುಚ್ಚಿದಳು.

ನನಗೆ ಬಾಯಿ ಸುಮ್ಮನಿರಲಿಲ್ಲ. "ಏನ್ರಿ ಫಕ್ಕೀರಪ್ಪ, ರಾಕ್ಷಸನ್ನ ಜೀವಂತ ಬಿಟ್ಟ ಬಂದ್ರೆಲ್ಲ?" ಎಂದೆ.

ಅವನು ನಕ್ಕ. ಕಣ್ಣು ತೆರೆಯದೆಯೇ ಶಾಂತವ್ವ ಹೇಳಿದಳು. "ಆ ರಾಕ್ಷಸ ಸಂಜೀತನ ಕಾಯ್ತಾನ್ರಿ ಅಣ್ಣಾರ. ನನ್ನ ಹೊಟ್ಟ್ಯಾಗಿನಾಂವ ಕಾಯಂಗಿಲ್ಲ."

ಟಿಕೆಟ್ ಕೊಡುವುದನ್ನು ಮರೆತು ನಿಂತೆ. ಆಕೆಯೇ ಕಣ್ಣು ತೆರೆದು, "ಇವರಿಗೆ ಇವತ್ತ ರಾಜರ ರೇಟ್ ಹಚ್ರಿ" ಎಂದಳು.

ಹುಬ್ಬಳ್ಳಿಯಲ್ಲಿ ನಮ್ಮ ಡ್ಯೂಟಿ ಮುಗಿಯಿತು. ಮಾಬೂಸಾಬರು, "ರಾಕ್ಷಸ ಸತ್ತ ಮ್ಯಾಲ ಫೋನ್ ಮಾಡು" ಎಂದು ಹೇಳಿ ಮನೆಗೆ ಹೋದರು. ನನಗೆ ಹೋಗಲು ಮನಸ್ಸಾಗಲಿಲ್ಲ. ಸ್ಟ್ಯಾಂಡಿನಲ್ಲೇ ಊಟ ಮಾಡಿ, ಒಂದು ನಿದ್ದೆ ತೆಗೆದು, ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತೆಗೆಸಿ ಪ್ರಯಾಣಿಕನಾಗಿ ಹತ್ತಿದೆ. ಅವರಿಬ್ಬರೂ ಬಂದರು. ಆಕೆಯ ಮೋರೆಯ ಊತ ಇಳಿದಿತ್ತು. ಅವನ ಮೋರೆಯ ಬಣ್ಣ ಬೆವರಿಗೆ ಇಳಿದು ಗಡ್ಡದ ತನಕ ಬಂದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ತಡೆದನಂತೆ. "ನಮ್ಮವರ್ರಿ, ವಾರಾವಾರಾ ಬರ್ತಾರಲ್ಲ, ಅವರs" ಎಂದು ಶಾಂತವ್ವ ಹೇಳಿದ ಮೇಲೆ ಮೋರೆ ದಿಟ್ಟಿಸಿ ನೋಡಿ ಬಿಟ್ಟನಂತೆ. ಕಿರೀಟದಿಂದಾಗಿ ಒರಗಲು ಬಾರದೆ ಫಕ್ಕೀರಪ್ಪ ಬೆಂಚಿನ ಮೇಲೆ ನೆಟ್ಟಗೆ ಕೂತೇ ನಿದ್ದೆ ಮಾಡಿದ್ದ. ಗಾಜಿನಾಚೆ ಕಿರೀಟ ತೂಗುವುದನ್ನು ನೋಡಿ ಮಶೀನಿಗೆ ಹಚ್ಚಿಕೊಂಡ ಮಂದಿಯೆಲ್ಲ ನಕ್ಕರೆಂದು ಶಾಂತವ್ವ ದಾರಿಯುದ್ದಕ್ಕೂ ಹೇಳಿದಳು. ಮಶೀನಿನಿಂದ ಎದ್ದ ದಿನ ಆಕೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಊರಲ್ಲಿ ರಾಕ್ಷಸನ ದಿನವೂ ಸುಲಭದ್ದಾಗಿರಲಿಲ್ಲ. ಬಣ್ಣದ ಮೋರೆಯಲ್ಲಿ ಮನೆಯ ಹೊಸ್ತಿಲು ದಾಟುವಂತಿಲ್ಲ. ಹೆಂಡತಿ ಅಂಗಳದಲ್ಲೇ ರೊಟ್ಟಿ ಕೊಟ್ಟಳು. ಎಮ್ಮೆ ಹಿಂಡಲು ಕೂತರೆ ಎಮ್ಮೆ ಗುರುತು ಹಿಡಿಯದೆ ಒದ್ದು ಚರಿಗೆ ಉರುಳಿಸಿತು. ಮೇವು ಕೊಯ್ದು ತಂದ, ಕೊಟ್ಟಿಗೆ ಬಳಿದ, ಬಿಸಿಲಿಗೆ ಹಾಕಿದ ಗೋವಿನಜೋಳ ಕಾಯ್ದ. ಅದಕ್ಕೂ ಮೊದಲು ಮುಂಜಾನೆಯೇ ಉಳಿದ ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದ. ಲೋಕವನ್ನು ನಡುಗಿಸುವ ಘೋರಮುಖ ಹಾಲಿನ ಫ್ಯಾಟಿನ ಬಗ್ಗೆ ಜಗಳ ಮಾಡಿದ್ದನ್ನು ಊರು ಬಹಳ ದಿನ ಆಡಿಕೊಂಡಿತು.

ಹೊತ್ತು ಇಳಿಯುವ ಮೊದಲು ಬಸ್ಸು ಊರು ಮುಟ್ಟಿತು. ಬಾಡಿಗೆಯ ಮೈಕಿನವನು ತನ್ನ ಸಾಮಾನು ಕಟ್ಟಿಕೊಂಡು ಹೋಗಿದ್ದ. ಅಟ್ಟದ ಹಲಗೆಗಳನ್ನು ಅರ್ಧ ಬಿಚ್ಚಿದ್ದರು. ಹಾಗಾಗಿ ಬಸ್ ನಿಲ್ದಾಣದ ಬೇವಿನ ಮರದ ಕೆಳಗೇ ಜಾಗ ಮಾಡಿದರು. ಶಾಂತವ್ವನಿಗೆ ಒಂದು ಕುರ್ಚಿ ಹಾಕಿದರು. ಮಾಸ್ತರು ಒಡೆದ ದನಿಯಲ್ಲಿ ಪದ ಎತ್ತಿಕೊಂಡರು. ಧೀರಸೇನ ಕತ್ತಿ ಎತ್ತಿ ಒಂದೇ ಏಟು ಹಾಕಿದ್ದಷ್ಟೇ, ಘೋರಮುಖ ದಡ್ಡನೆ ಬಿದ್ದ.

"ಏಳೋ! ಇನ್ನೂ ಪದಾ ಅದಾವು, ಈಗs ಸಾಯಬ್ಯಾಡ!" ಎಂದು ಮಾಸ್ತರು ಚೀರಿದರು.

ಬಿದ್ದಲ್ಲಿಂದಲೇ ನಿಂಗಪ್ಪ ಅಂದ. "ಎಮ್ಮಿ ಹಿಂಡೂ ಹೊತ್ತಾತ್ರಿ ಮಾಸ್ತರ. ಸಾಯ್ಲಿ ಬಿಡ್ರಿ."

ಊರಿಗೆ ಊರೇ ನಕ್ಕಿತು. ಮಾಸ್ತರೂ ನಕ್ಕರು. ಮಂಗಳಾರತಿ ಆಯಿತು. ಯಾರೋ ಇನ್ನೊಂದು ಟವೆಲ್ ಹಿಡಿದು ಮುಂದೆ ಬಂದರು, ಅವರನ್ನು ನಾಲ್ಕು ಮಂದಿ ಹಿಂದಕ್ಕೆ ಎಳೆದರು. ಫಕ್ಕೀರಪ್ಪ ಕಿರೀಟ ತೆಗೆದು ಶಾಂತವ್ವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತ. ಹಣೆಯ ಸುತ್ತ ಕೆಂಪಗೆ ಬಳೆಯಂತೆ ಗುರುತು ಮೂಡಿತ್ತು. ಆಕೆ ಬಲಗೈಯಿಂದ ಅದಕ್ಕೆ ಎಣ್ಣೆ ಸವರಿದಳು. ಮಾಬೂಸಾಬರಿಗೆ ಫೋನು ಮಾಡಿ, "ಸತ್ತ" ಎಂದಷ್ಟೇ ಹೇಳಿದೆ.

ಶುಕ್ರವಾರ ಮುಂಜಾನೆ ಇಬ್ಬರೂ ನಿಲ್ದಾಣದಲ್ಲಿ ನಿಂತಿದ್ದರು. ಫಕ್ಕೀರಪ್ಪನ ಕಿವಿಯ ಹಿಂದೆ ಇನ್ನೂ ಹಳದಿ ಉಳಿದಿತ್ತು. ಘೋರಮುಖ ಒಂದು ವರ್ಷದ ಮಟ್ಟಿಗಾದರೂ ಸತ್ತಿದ್ದ. ಶಾಂತವ್ವನ ಹೊಟ್ಟೆಯೊಳಗಿನ ಇನ್ನೊಬ್ಬ ಮೂರೇ ದಿನದಲ್ಲಿ ಎದ್ದು ಕೂತಿದ್ದ. ಅವನ ಸಲುವಾಗಿ ಇವರು ಚೀಲ ಹಿಡಿದು ಮತ್ತೆ ಹೊರಟಿದ್ದರು, ಯಾರೂ ಟವೆಲ್ ಹೊದಿಸಿರಲಿಲ್ಲ, ಬಸ್ಸಿನಲ್ಲಿ ಸೀಟೂ ಇರಲಿಲ್ಲ. ಒಬ್ಬ ಹುಡುಗ ಎದ್ದು ಶಾಂತವ್ವನಿಗೆ ಜಾಗ ಬಿಟ್ಟ. ಅಂದಿನಿಂದ ನಾನು ನನ್ನ ಹಳೆಯ ತಕರಾರನ್ನು ಎತ್ತಲಿಲ್ಲ. ಮಳೆಗಾಲದ ಹೊತ್ತಿಗೆ ನನಗೆ ಬೇರೆ ಕಡೆ ವರ್ಗವಾಯಿತು.

ಮಗಳ ಗ್ಯಾದರಿಂಗ್ ಮುಗಿದ ಮರುವಾರ ಆ ಊರಿನ ಬಸ್ಸು ಹತ್ತಿದೆ. ಶಾಂತವ್ವ ಹೋಗಿ ವರ್ಷವಾಗಿತ್ತು. ಒಂದು ಆಷಾಢದ ಮುಂಜಾನೆ, ಬಸ್ಸಿಗೆ ಹೊರಡಲೆಂದು ಸೀರೆ ಉಟ್ಟು ಕೂತವಳು ಏಳಲಿಲ್ಲ ಎಂದು ನಿಂಗಪ್ಪ ಫೋನು ಮಾಡಿದ್ದ. ಮಣ್ಣಿಗೆ ಹೋಗಲು ನನಗೆ ಆಗಿರಲಿಲ್ಲ. ಕಲಘಟಗಿಯಲ್ಲಿ ಸಂತೆಯ ಚೀಲ ಹಿಡಿದು ಫಕ್ಕೀರಪ್ಪನೇ ಹತ್ತಿದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಪಕ್ಕದಲ್ಲಿ ಬಂದು ಕೂತು, ಮಕ್ಕಳು ಆರಾಮೇನ್ರಿ ಎಂದ.

ಮುಂದಿನ ಸೀಟಿನಲ್ಲಿ ಬೇರೆ ಯಾವುದೋ ಊರಿನ ಮನುಷ್ಯನೊಬ್ಬ ಕಂಡಕ್ಟರ್ ಹುಡುಗನಿಗೆ ಕತೆ ಹೇಳುತ್ತಿದ್ದ. ಹಿಂದೆ ಯಾರು ಕೂತಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ. "ಇದs ರೂಟಿನ್ಯಾಗ ಆಗಿದ್ದು ತಮ್ಮಾ. ಹಳ್ಳ ಎದಿಮಟ ಹರೀತಿತ್ತು. ಡ್ರೈವರ ಬಸ್ಸ ಬಿಟ್ಟ ಓಡಿಹ್ವಾದ. ಅಂವ ಕಿರೀಟಾ ಕಟ್ಟಿದಾಂವ, ಹೆಂಡತೀನ ಹೆಗಲ ಮ್ಯಾಲ ಹೊತ್ತ, ಕತ್ತಿ ಬಾಯಾಗ ಹಿಡದ, ಈಸಿಕೋತ ದಾಟಿದ. ದವಾಖಾನ್ಯಾಗ ಡಾಕ್ಟರs ಎದ್ದ ನಿಂತ ಕೈ ಮುಗದ. ಅವತ್ತಿಗೆ ಅಕಿ ಬ್ಯಾನಿ ಹೋತು ನೋಡು. ಮತ್ತ ಮಶೀನಿನ ಮಾರಿ ನೋಡ್ಲಿಲ್ಲ."

ನನಗೆ ಮೈ ಉರಿಯಿತು. ಮಾಬೂಸಾಬರು ಓಡಿಹೋದದ್ದು ಯಾವಾಗ? ಆ ತಾಯಿ ವಾರವಾರ ಸೂಜಿ ಚುಚ್ಚಿಸಿಕೊಂಡದ್ದು, ಇವನು ಬೆಂಚಿನ ಮೇಲೆ ಕೂತು ಕೂತು ಮುದುಕನಾದದ್ದು ಎಲ್ಲ ಎಲ್ಲಿ ಹೋಯಿತು? ಎದ್ದು ನಿಂತು ಆ ಮನುಷ್ಯನ ಹೆಗಲ ಮೇಲೆ ಕೈ ಇಡಲು ಹೋದೆ.

ಫಕ್ಕೀರಪ್ಪ ನನ್ನ ತೋಳು ಹಿಡಿದು ಎಳೆದ. ದನಿ ಬಹಳ ಸಣ್ಣದಾಗಿತ್ತು.

"ಕುಂದರ್ರಿ ಕಂಡಕ್ಟರ. ಅವನ ಕತಿಯೊಳಗ ಅಕಿ ಆರಾಮ ಆಗ್ಯಾಳ. ಇರ್ಲಿ ಬಿಡ್ರಿ."

ನಾನು ಕೂತೆ. ಮುಂದಿನ ಸೀಟಿನವನು ಕತೆ ಮುಗಿಸುವ ತನಕ ಇಬ್ಬರೂ ಕೇಳಿದೆವು.